ಕೊನೆಯ ಪಂಕ್ತಿ

ಮೊದಲ ದಿನ: ಕೂಡಲಿ

ರಾತ್ರಿ ರೈಲಿನಲ್ಲಿ ಬೆಂಗಳೂರು ಬಿಟ್ಟವಳು ನಸುಕಿಗೇ ಶಿವಮೊಗ್ಗದಲ್ಲಿ ಇಳಿದೆ. ಅಪ್ಪನ ಮನೆಯಲ್ಲಿ ಸ್ನಾನ ಮುಗಿಸಿ, ಒಂದು ಲೋಟ ಕಾಫಿ ಕುಡಿದು, ಅಪ್ಪ, ಅತ್ತೆ, ನಾನು ಮೂವರೂ ಕೂಡಲಿಯ ದಾರಿ ಹಿಡಿದೆವು. ಅರ್ಧ ಗಂಟೆಯ ದಾರಿ. ಕೊಯ್ಲಾದ ಗದ್ದೆಗಳ ಮೇಲೆ ಮಾರ್ಗಶಿರದ ಇಬ್ಬನಿ ಇನ್ನೂ ಆರಿರಲಿಲ್ಲ.

ಅಜ್ಜಯ್ಯನ ವರ್ಷಾಂತಿಕ ಮುಗಿದು ನಾಲ್ಕು ದಿನವಾಗಿತ್ತು. ಹೋದ ವರ್ಷ ಇದೇ ಮೆಟ್ಟಿಲುಗಳನ್ನು ಇಳಿದು ಅವರ ಅಸ್ಥಿಯನ್ನು ನೀರಿಗೆ ಬಿಟ್ಟಿದ್ದೆವು. ಆಗ ಅಳುವಿನ ನಡುವೆ ಏನನ್ನೂ ನೋಡಿರಲಿಲ್ಲ. ಈ ಸಲ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆವು. ಒಂದೇ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ಕಾಡುಗಳನ್ನು ಸುತ್ತಿ ಬಂದ ತುಂಗೆಯೂ ಭದ್ರೆಯೂ ಇಲ್ಲಿ ಸದ್ದಿಲ್ಲದೆ ಸೇರುತ್ತವೆ. ಆಚೆ ರಾಮೇಶ್ವರನ ಗುಡಿಯಲ್ಲಿ ಗಂಟೆ ಹೊಡೆಯಿತು. ಹೊಯ್ಸಳರ ಕಾಲದ ಕಲ್ಲು, ಒಳಗೆ ಎಣ್ಣೆದೀಪ, ಹೊರಗೆ ನೀರಿನ ತಂಪು.

ಅಜ್ಜಯ್ಯನಿಗೆ ನದಿಗಳ ಮೇಲಿದ್ದ ಪ್ರೀತಿ ಅಡುಗೆಯವರ ಪ್ರೀತಿ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಅವರು ಅದನ್ನು ಒಲೆಯ ಮೇಲೆ ಇಟ್ಟು ನೋಡಿದ್ದರು. ತುಂಗೆಯ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೇಯುತ್ತದೆ, ಕೊಳವೆಬಾವಿಯ ಗಡಸು ನೀರಿನಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ ಎನ್ನುತ್ತಿದ್ದರು. ಶಿವಮೊಗ್ಗದಲ್ಲಿ ಮದುವೆಯ ಅಡುಗೆ ಒಪ್ಪಿಕೊಂಡರೆ ಅವರ ಮೊದಲ ಪ್ರಶ್ನೆ ಎಷ್ಟು ಎಲೆ ಎಂದಲ್ಲ, ನೀರು ಯಾವುದು ಎಂದು. ಹೊಳೆಯ ನೀರು ಸಿಗದಿದ್ದರೆ ಬೇಳೆಯನ್ನು ರಾತ್ರಿಯೇ ನೆನೆಸಿಡಿಸುತ್ತಿದ್ದರು.

ಈ ಪ್ರಯಾಣಕ್ಕೆ ಕಾರಣ ಒಂದು ಬಾಕಿ. ಪ್ರತಿ ವರ್ಷ ಮದುವೆಯ ಹಂಗಾಮು ಮುಗಿದು ಮಳೆ ಹಿಡಿಯುವ ಮೊದಲು ಅಜ್ಜಯ್ಯ ಹೊರನಾಡಿಗೆ ಹೋಗುತ್ತಿದ್ದರು. ಮನೆಯ ಗದ್ದೆಯ ಒಂದು ಸೇರು ಅಕ್ಕಿಯನ್ನು ಅನ್ನಪೂರ್ಣೇಶ್ವರಿಗೆ ಒಪ್ಪಿಸಿ, ಅದರಲ್ಲೇ ಒಂದು ಹಿಡಿಯನ್ನು ಪ್ರಸಾದವೆಂದು ತಂದು ಅಕ್ಕಿಯ ಡಬ್ಬಿಗೆ ಸುರಿಯುತ್ತಿದ್ದರು. ಕೊನೆಯ ಮೂರು ವರ್ಷ ಕಾಲು ಏಳಲಿಲ್ಲ. ‘ಮೂರು ಸೇರು ಬಾಕಿ ಇದೆ’ ಎಂದು ಹಾಸಿಗೆಯಲ್ಲಿ ಮಲಗಿ ಮತ್ತೆ ಮತ್ತೆ ಹೇಳುತ್ತಿದ್ದರು. ಸಾಲ ಮಾಡಿ ಗೊತ್ತಿಲ್ಲದ ಮನುಷ್ಯನಿಗೆ ಅದೊಂದೇ ಸಾಲ.

ಕೂಡಲಿಯಿಂದ ಹೊರಡಬೇಕೆಂದು ಹಟ ಹಿಡಿದವರು ಅಪ್ಪ. ‘ಅವರನ್ನು ಬಿಟ್ಟ ಜಾಗದಿಂದಲೇ ಹೊರಡೋಣ. ತುಂಗೆಯ ದಂಡೆಯಲ್ಲಿ ಮೇಲಕ್ಕೆ ಹೋಗಿ, ಶೃಂಗೇರಿ ಮುಟ್ಟಿ, ಭದ್ರೆಯ ಕಡೆಗೆ ದಾಟೋಣ’ ಎಂದರು. ಅಪ್ಪ ತಮ್ಮ ತಂದೆಯ ವಿಷಯದಲ್ಲಿ ಇಷ್ಟು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ.

ಎರಡನೆಯ ದಿನ: ಮಂಡಗದ್ದೆ, ತೀರ್ಥಹಳ್ಳಿ, ಮನೆ

ಗಾಜನೂರು ದಾಟಿ, ಸಕ್ರೆಬೈಲಿನ ಆನೆಗಳು ನೀರಿಗಿಳಿಯುವುದನ್ನು ಕಾರಿನಿಂದಲೇ ನೋಡಿ, ಮಂಡಗದ್ದೆಯಲ್ಲಿ ನಿಂತೆವು. ಮಳೆಗಾಲದಲ್ಲಾದರೆ ಹೊಳೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ ತುಂಬಿರುತ್ತದೆ. ಈಗ ಮರಿಗಳು ಹಾರಿಹೋಗಿ ಬರೀ ಗೂಡುಗಳು ಉಳಿದಿದ್ದವು.

ಅದನ್ನು ನೋಡುತ್ತಲೇ ಅಪ್ಪ ಹೇಳಿದರು: ‘ನಾನು ಪಿಯುಸಿ ಮುಗಿಸಿದ ವರ್ಷ ಕಾಲೇಜಿಗೆ ಕಟ್ಟಲು ದುಡ್ಡಿರಲಿಲ್ಲ. ಆ ಹಂಗಾಮಿನಲ್ಲಿ ಅಜ್ಜಯ್ಯ ಇಪ್ಪತ್ತಕ್ಕೂ ಹೆಚ್ಚು ಮನೆಗಳಲ್ಲಿ ಅಡುಗೆ ಮಾಡಿದ್ದರು. ತಾಂಬೂಲದಲ್ಲಿ ಇಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ಬಂದರು. ಬಂದದ್ದು ಚಿಕ್ಕಪ್ಪನ ಉಪನಯನಕ್ಕೆ, ಸೋದರತ್ತೆಯ ಬಾಣಂತನಕ್ಕೆ ಹೋಯಿತು. ನಾನು ಒಂದು ವರ್ಷ ತೋಟದಲ್ಲಿ ಸೊಪ್ಪು ಹೊತ್ತೆ.’

ಅತ್ತೆ ಏನೋ ಹೇಳಲು ಹೊರಟು ಸುಮ್ಮನಾದರು. ಆ ಮಾತಿಗೆ ಉತ್ತರವಿಲ್ಲ ಎಂದು ನನಗೂ ಅನ್ನಿಸಿತು. ಅಜ್ಜಯ್ಯ ಹದಿನೇಳನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಮೂವರು ತಮ್ಮಂದಿರನ್ನೂ ಇಬ್ಬರು ತಂಗಿಯರನ್ನೂ ದಡ ಸೇರಿಸಿದವರು. ಆ ದೊಡ್ಡ ಸಂಸಾರದಲ್ಲಿ ಅವರ ಸ್ವಂತ ಮಕ್ಕಳ ಸರದಿ ಕೊನೆಗೆ ಬರುತ್ತಿತ್ತು. ಊರು ಅವರನ್ನು ಹೊಗಳುವಾಗ ಈ ಮಾತನ್ನು ಯಾರೂ ಎತ್ತುವುದಿಲ್ಲ. ಅವರನ್ನು ನೆನೆಯಲು ಹೊರಟ ಮೇಲೆ ಇದನ್ನೂ ಬರೆಯಬೇಕು.

ತೀರ್ಥಹಳ್ಳಿಯಲ್ಲಿ ರಾಮೇಶ್ವರನ ಗುಡಿಯ ಹಿಂದೆ ಹೊಳೆಗೆ ಇಳಿದೆವು. ಪರಶುರಾಮ ತನ್ನ ಕೊಡಲಿಯ ರಕ್ತವನ್ನು ತೊಳೆದ ಜಾಗ ಇದೆಂದು ನಂಬಿಕೆ. ಎಳ್ಳಮಾವಾಸ್ಯೆ ಹತ್ತಿರ ಬರುತ್ತಿತ್ತು. ತುಂಗೆಯಲ್ಲಿ ಮಿಂದು, ತೇರು ಎಳೆದು, ತೆಪ್ಪೋತ್ಸವ ನೋಡಲು ಸುತ್ತಲಿನ ಊರುಗಳೆಲ್ಲ ಸೇರುವ ಜಾತ್ರೆ. ಆ ದಿನಗಳಲ್ಲಿ ಅಜ್ಜಯ್ಯ ಯಾರ ಮನೆಯ ಅಡುಗೆಯನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ನಸುಕಿನ ಚಳಿಯಲ್ಲಿ ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ದಂಡೆಯ ಮೇಲೆ ಸಂಧ್ಯಾವಂದನೆ ಮಾಡಿ, ನಮಗೆಲ್ಲ ಮಂಡಕ್ಕಿ, ಬೆಂಡು ಬತ್ತಾಸು ಕೊಡಿಸುತ್ತಿದ್ದರು. ನನ್ನ ಬಾಲ್ಯದಲ್ಲಿ ಅಜ್ಜಯ್ಯ ಒಲೆಯ ಹತ್ತಿರವಿಲ್ಲದೆ ನನ್ನ ಕೈ ಹಿಡಿದು ನಡೆದ ದಿನ ವರ್ಷಕ್ಕೆ ಅದೊಂದೇ.

ಅಜ್ಜಯ್ಯನ ಮನೆ ತಲುಪಿದಾಗ ಸಂಜೆ. ಅಂಗಳದ ತುಂಬ ಅಡಿಕೆಯ ಕೆಲಸ. ಹಂಡೆಯಲ್ಲಿ ಅಡಿಕೆ ಬೇಯಿಸುವ ಕೆಂಪು ರಸ, ಚೊಗರು, ಕುದಿಯುತ್ತಿತ್ತು. ಜಗಲಿಯಲ್ಲಿ ಮೆಟ್ಟುಗತ್ತಿಗಳ ಮುಂದೆ ಕುಳಿತ ಹೆಂಗಸರು ಅಡಿಕೆ ಸುಲಿಯುತ್ತ ಮಾತನಾಡುತ್ತಿದ್ದರು. ಅಜ್ಜಿ ಮೂರು ಸೇರು ಅಕ್ಕಿಯನ್ನು ಕೇರಿ, ಕಲ್ಲು ಆರಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮುಂದೆ ಇಟ್ಟಿದ್ದರು. ಊಟಕ್ಕೆ ಅಪ್ಪೆಹುಳಿ, ಒಂದೆಲಗದ ತಂಬುಳಿ, ಸುಟ್ಟ ಹಲಸಿನ ಹಪ್ಪಳ. ‘ಅವರಿದ್ದಾಗ ನಾನು ಅಡುಗೆ ಮಾಡುತ್ತಿದ್ದೆ, ಅವರು ಮನೆಯಲ್ಲಿ ಒಲೆ ಮುಟ್ಟಿದವರಲ್ಲ ಎಂದು ಎಲ್ಲರೂ ನಗುತ್ತಿದ್ದರು’ ಎಂದರು ಅಜ್ಜಿ. ‘ಆದರೆ ದಿನವೂ ಬೆಳಿಗ್ಗೆ ಒಲೆಯ ಬೂದಿ ತೆಗೆದು, ಸಾರಿಸಿ, ಅರಿಸಿನ ಕುಂಕುಮ ಇಟ್ಟು ಕೊಡುತ್ತಿದ್ದವರು ಅವರೇ.’

ಊಟದ ನಂತರ ಮಾತು ಅವರ ಅಡುಗೆಯ ಕಡೆಗೇ ತಿರುಗಿತು. ಅಜ್ಜಯ್ಯ ಅಡುಗೆಯ ರುಚಿ ನೋಡುತ್ತಿರಲಿಲ್ಲ. ನಾನೂರು ಎಲೆಯಿರಲಿ, ಸಾವಿರ ಎಲೆಯಿರಲಿ, ನೈವೇದ್ಯವಾಗುವ ತನಕ ಒಂದು ಹನಿ ಸಾರನ್ನೂ ನಾಲಿಗೆಗೆ ತಾಗಿಸಿದವರಲ್ಲ. ಮೂಗು, ಕಣ್ಣು, ಕಿವಿ ಮೂರರಿಂದಲೇ ಅವರ ಅಡುಗೆ. ಉಪ್ಪು ಹಿಡಿದ ಸಾರಿನ ನೊರೆ ಬೇರೆ, ಹಿಡಿಯದ ಸಾರಿನ ನೊರೆ ಬೇರೆ ಎನ್ನುತ್ತಿದ್ದರು. ಒಗ್ಗರಣೆಯ ಸಾಸಿವೆ ಸಿಡಿದು ನಿಲ್ಲುವ ಸದ್ದನ್ನು, ಹೂರಣ ಕೊಪ್ಪರಿಗೆಯ ತಳ ಬಿಡುವ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೋಳಿಗೆಗೆ ಒಂದು ಕಿಲೋ ಕಡಲೆಬೇಳೆಗೆ ಒಂದು ಕಿಲೋ ಬೆಲ್ಲ. ಆದರೆ ಬೆಲ್ಲದ ಬಣ್ಣ ನೋಡಿ ಅದರಲ್ಲಿ ಒಂದು ಹಿಡಿ ಇಳಿಸುವುದೋ ಏರಿಸುವುದೋ ಅವರ ಕೈಗಷ್ಟೇ ಗೊತ್ತಿತ್ತು. ಬಸಿದ ಅನ್ನವನ್ನು ತೊಳೆದ ಚಾಪೆಯ ಮೇಲೆ ರಾಶಿ ಮಾಡಿ, ಮೇಲೊಂದು ತುಳಸಿದಳ ಇಟ್ಟು, ಮೊದಲ ತುತ್ತನ್ನು ಬೆಂಕಿಗೆ ಹಾಕಿ ಕೈ ಮುಗಿಯುವುದು. ಆಮೇಲೆ ಎಲೆಗಳ ಮುಂದೆ ಬಂದು ನಿಂತು ಗೀತೆಯ ಹದಿನೈದನೆಯ ಅಧ್ಯಾಯದ ಶ್ಲೋಕ: ‘ಅಹಂ ವೈಶ್ವಾನರೋ ಭೂತ್ವಾ’. ಪ್ರಾಣಿಗಳ ದೇಹದಲ್ಲಿ ಅಗ್ನಿಯಾಗಿ ಕುಳಿತು ನಾಲ್ಕು ಬಗೆಯ ಅನ್ನವನ್ನು ನಾನೇ ಪಚನ ಮಾಡುತ್ತೇನೆ ಎಂದು ಭಗವಂತ ಹೇಳುವ ಮಾತು. ‘ನಾನು ಬೇಯಿಸುವುದು ಅರ್ಧ, ಉಳಿದರ್ಧವನ್ನು ಅವನು ಅವರವರ ಹೊಟ್ಟೆಯೊಳಗೆ ಬೇಯಿಸುತ್ತಾನೆ. ಅವನ ಪಾಲಿಗೆ ಕೆಟ್ಟದ್ದನ್ನು ಕೊಡಬಾರದು’ ಎಂದು ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. ಎಷ್ಟೋ ಪ್ರವಚನಗಳನ್ನು ಕೇಳಿದ್ದೇನೆ. ಇಷ್ಟು ನೆಟ್ಟಗೆ ಆ ಶ್ಲೋಕ ನನಗೆ ಬೇರೆಲ್ಲೂ ತಾಗಿಲ್ಲ.

ಒಮ್ಮೆಯೂ ತಪ್ಪಲಿಲ್ಲವೇ ಎಂದು ಕೇಳಿದೆ. ‘ತಪ್ಪದೆ ಇರುತ್ತದೆಯೇ? ಅದಕ್ಕೇ ಹಿರಿಯರು ಎಲೆಗೆ ಎಲ್ಲಕ್ಕಿಂತ ಮೊದಲು ಉಪ್ಪು ಬಡಿಸು ಎಂದದ್ದು ಎಂದು ಅವರೇ ಹೇಳುತ್ತಿದ್ದರು’ ಎಂದರು ಅಜ್ಜಿ.

ಅತ್ತೆ ತಮ್ಮ ಮದುವೆಯ ಕಥೆ ತೆಗೆದರು. ಕನ್ಯಾದಾನ ಮಾಡುವವರು ಧಾರೆ ಮುಗಿಯುವ ತನಕ ಉಪವಾಸ. ಮಂಟಪ ಬಿಟ್ಟು ಏಳುವಂತಿಲ್ಲ. ಜೀವಮಾನದಲ್ಲಿ ಮೊದಲ ಸಲ ಅಜ್ಜಯ್ಯ ಒಂದು ಮದುವೆಯಲ್ಲಿ ಅಡುಗೆಮನೆಯ ಹೊರಗಿದ್ದರು. ಒಳಗೆ ಸೌಟು ಹಿಡಿದವನು ಅವರೇ ತಯಾರು ಮಾಡಿದ ಹುಡುಗ. ಪುರೋಹಿತರು ಮಂತ್ರ ಹೇಳುತ್ತಿದ್ದರೆ ಇವರ ಮೂಗು ಹಿತ್ತಲಿನ ಕಡೆಗೆ. ಧಾರೆ ಎರೆಯುವ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿತು. ನೀರು ಬಿಟ್ಟು, ಮಗಳ ಕೈಯನ್ನು ಅಳಿಯನ ಕೈಗೆ ಇಟ್ಟು, ಅತ್ತೆಯ ಕಿವಿಯ ಹತ್ತಿರ ಬಗ್ಗಿ ಹೇಳಿದ್ದು: ‘ಮಗಳೇ, ಸಾರಿಗೆ ಬೆಲ್ಲ ಒಂದು ಹರಳು ಹೆಚ್ಚಾಗಿದೆ. ನಿನ್ನ ಅತ್ತೆ ಮಾವ ಏನೂ ಅಂದುಕೊಳ್ಳದಿರಲಿ.’

ಅತ್ತೆ ನಗುತ್ತ ಹೇಳಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಎದ್ದು ಚೊಗರಿನ ಹಂಡೆಯ ಕಡೆಗೆ ಹೋದರು.

ಮೂರನೆಯ ದಿನ: ಆಗುಂಬೆ, ಶೃಂಗೇರಿ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಕಾಡು ನಿಧಾನವಾಗಿ ಎರಡೂ ಕಡೆಯಿಂದ ಹತ್ತಿರ ಬರುತ್ತದೆ. ಅತ್ತೆಯನ್ನು ಕೊಟ್ಟ ಮನೆ ಆಗುಂಬೆಗೆ ಸ್ವಲ್ಪ ಮೊದಲೇ ಒಳದಾರಿಯಲ್ಲಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ. ಗೋಡೆಯ ಕಲ್ಲಿನ ಮೇಲೆ ಡಿಸೆಂಬರಿನಲ್ಲೂ ಪಾಚಿ ಹಸಿರಾಗಿತ್ತು.

ಅಲ್ಲಿ ಒಬ್ಬ ಅಜ್ಜನನ್ನು ನೋಡಲೇಬೇಕೆಂದು ಅತ್ತೆ ಹೇಳಿದ್ದರು. ಎಂಬತ್ತು ದಾಟಿದ ಮುದುಕರು. ಹಿಂದೆ ಆ ಕಡೆಯ ಸಮಾರಂಭಗಳಿಗೆಲ್ಲ ಒಲೆ ತೋಡುವುದು, ಕಟ್ಟಿಗೆ ಸೀಳುವುದು, ನೀರು ಹೊರುವುದು ಅವರ ಕೆಲಸ. ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ‘ಭಟ್ಟರ ಮೊಮ್ಮಗಳೇ?’ ಎಂದು ನನ್ನ ಮುಖವನ್ನು ತುಂಬ ಹೊತ್ತು ನೋಡಿ ಮಾತು ತೆಗೆದರು.

ಆಷಾಢದ ಒಂದು ವೈಕುಂಠ ಸಮಾರಾಧನೆ. ಮದುವೆ ಮುಂಜಿಗಳನ್ನು ಮಳೆಗಾಲ ಬಿಟ್ಟು ಇಟ್ಟುಕೊಳ್ಳಬಹುದು, ಸಾವಿಗೆ ಹಂಗಾಮಿಲ್ಲ. ಮೂರು ದಿನದಿಂದ ಮಳೆ ನಿಂತಿರಲಿಲ್ಲ. ಕಟ್ಟಿಗೆಯೆಲ್ಲ ಒದ್ದೆ. ಅಜ್ಜಯ್ಯ ಅಟ್ಟದಿಂದ ಒಣಗಿದ ಅಡಿಕೆ ಹಾಳೆ, ಕರಟ, ತೆಂಗಿನ ಗರಿ ಇಳಿಸಿ ಬೆಂಕಿ ಹಿಡಿಸಿದರು. ಒದ್ದೆ ಕೊರಡುಗಳನ್ನು ಒಲೆಯ ಸುತ್ತ ಒರಗಿಸಿ ಒಣಗಿಸುತ್ತ ಒಂದೊಂದಾಗಿ ಒಳಕ್ಕೆ ತಳ್ಳಿದರು. ಹೊಗೆಯಲ್ಲಿ ಕಣ್ಣು ಕೆಂಪಗಾಗಿ ಇಬ್ಬರೂ ಅತ್ತಂತೆ ಕಾಣುತ್ತಿದ್ದರಂತೆ. ಅಡುಗೆ ಹೊತ್ತಿಗೆ ಸರಿಯಾಗಿ ಆಯಿತು. ಆದರೆ ಮಳೆಗೆ ಹೆದರಿ ಬರುವುದಿಲ್ಲ ಎಂದುಕೊಂಡಿದ್ದ ನೆಂಟರೆಲ್ಲ ಬಂದರು. ಪಂಕ್ತಿಯ ಮೇಲೆ ಪಂಕ್ತಿ ಕುಳಿತು, ಕೊನೆಗೆ ಅಂಗಳದಲ್ಲಿ ಸೋಗೆ ಚಪ್ಪರದ ಕೆಳಗೆ ಕಾದು ಕುಳಿತಿದ್ದ ಒಲೆ ತೋಡಿದವರಿಗೆ, ನೀರು ಹೊತ್ತವರಿಗೆ, ಎಲೆ ತೆಗೆದವರಿಗೆ ಉಳಿದದ್ದು ಅನ್ನ, ನೀರು ಮಜ್ಜಿಗೆ.

‘ನಾವು ಏನೂ ಅಂದುಕೊಳ್ಳಲಿಲ್ಲ. ಅದು ನಮಗೆ ಹೊಸದಾಗಿರಲಿಲ್ಲ’ ಎಂದರು ಮುದುಕರು. ‘ಭಟ್ಟರು ಮಾತ್ರ ಕೊಪ್ಪರಿಗೆಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು. ಅವರೂ ಆ ದಿನ ಊಟ ಮಾಡಲಿಲ್ಲ. ಮಳೆಯಲ್ಲೇ ನಡೆದು ಹೋದರು.’

ಮನೆಗೆ ಬಂದವರು ಮಾರನೆಯ ದಿನವೂ ಉಣ್ಣಲಿಲ್ಲ ಎಂಬುದು ಅಜ್ಜಿಗೆ ನೆನಪಿತ್ತು. ಕಾರಣ ಇಷ್ಟು ವರ್ಷ ಅವರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಅಜ್ಜಯ್ಯ ಅಡುಗೆ ಒಪ್ಪಿಕೊಳ್ಳುವಾಗ ಒಂದು ಷರತ್ತು ಇಡುತ್ತಿದ್ದರು. ನೈವೇದ್ಯಕ್ಕೆ ತೆಗೆದ ಕೂಡಲೇ ಪ್ರತಿ ಪಾತ್ರೆಯಿಂದ, ಹೋಳಿಗೆಯ ಬುಟ್ಟಿಯಿಂದಲೂ, ‘ಹೊರಗಿನವರ ಪಾಲು’ ಅಳೆದು ಪಕ್ಕಕ್ಕೆ ಇಡಬೇಕು. ಆ ಪಾಲಿಗೆ ಯಜಮಾನರೂ ಕೈ ಹಾಕುವಂತಿಲ್ಲ. ಕೊನೆಯ ಪಂಕ್ತಿಯಲ್ಲಿ ಅವರೇ ಬಡಿಸಿ, ಆಮೇಲೆ ಅದೇ ಸಾಲಿನ ತುದಿಗೆ ಎಲೆ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದರು. ಮಡಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ಎಲ್ಲರೊಂದಿಗೆ ಒಂದೇ ಸಾಲಿನಲ್ಲಿ ಕುಳಿತದ್ದಕ್ಕೆ ಕೆಲವು ಮನೆಗಳು ಅವರನ್ನು ಕರೆಯುವುದನ್ನೇ ಬಿಟ್ಟವು. ನೈವೇದ್ಯಕ್ಕೆ ಮೊದಲು ನಾಲಿಗೆಗೆ ಏನನ್ನೂ ತಾಗಿಸದ ವ್ರತ, ಕೊನೆಯವನು ಉಣ್ಣುವ ತನಕ ತಾನು ಉಣ್ಣದ ವ್ರತ ಎರಡೂ ಅವರಿಗೆ ಒಂದೇ ಆಗಿತ್ತೆಂದು ನನಗೆ ಆ ಜಗಲಿಯಲ್ಲಿ ಕುಳಿತಾಗ ಹೊಳೆಯಿತು. ಅದಕ್ಕೂ ಹಿಂದಿನ ಎಷ್ಟೋ ವರ್ಷ ಅಂಗಳದ ಆ ಸಾಲನ್ನು ಅವರೂ ಕಂಡೂ ಕಾಣದಂತೆ ಇದ್ದರು ಎಂಬುದೂ ನಿಜ.

ಮುದುಕರು ಅಪ್ಪನ ಕೈ ಹಿಡಿದು ಕೇಳಿದರು: ‘ನಿಮಗೆ ಓದಿಸಲು ಆಗಲಿಲ್ಲವೆಂದು ಅವರಿಗೆ ಬಹಳ ಇತ್ತು. ಕಟ್ಟಿಗೆ ಒಟ್ಟುವಾಗ ಹೇಳುತ್ತಿದ್ದರು. ಆಮೇಲೆ ಓದಿದಿರಲ್ಲವೇ?’

‘ಓದಿದೆ’ ಎಂದರು ಅಪ್ಪ. ಅಷ್ಟೇ. ಕಾರಿನಲ್ಲಿ ಶೃಂಗೇರಿ ಬರುವ ತನಕ ಅವರು ಮತ್ತೆ ಬಾಯಿ ತೆರೆಯಲಿಲ್ಲ.

ಶೃಂಗೇರಿಯಲ್ಲಿ ಶಾರದೆಯ ಸಂಜೆಯ ಮಂಗಳಾರತಿ ಸಿಕ್ಕಿತು. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಸುತ್ತಿ, ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿದೆವು. ನವರಾತ್ರಿಯಲ್ಲಿ ಅಜ್ಜಯ್ಯ ಇಲ್ಲಿಗೆ ಬಂದು ಎರಡು ದಿನ ತರಕಾರಿ ಹೆಚ್ಚಿ ಹೋಗುತ್ತಿದ್ದರಂತೆ. ಸೌಟು ಮುಟ್ಟುತ್ತಿರಲಿಲ್ಲ, ತಾನು ಯಾರೆಂದು ಹೇಳಿಕೊಳ್ಳುತ್ತಿರಲಿಲ್ಲ. ಬೂದುಗುಂಬಳದ ರಾಶಿಯ ಮುಂದೆ ನೂರು ಜನರಲ್ಲಿ ಒಬ್ಬರಾಗಿ ಕುಳಿತಿರುತ್ತಿದ್ದರು.

ನಾಲ್ಕನೆಯ ದಿನ: ಹೊರನಾಡು

ಜಯಪುರ, ಬಸರೀಕಟ್ಟೆಯ ದಾರಿ. ತಿರುವಿನ ಮೇಲೆ ತಿರುವು. ತೋಟಗಳಲ್ಲಿ ಕಾಫಿ ಹಣ್ಣು ಕೆಂಪಗೆ ತೂಗುತ್ತಿತ್ತು. ಅತ್ತೆ ಅಕ್ಕಿಯ ಗಂಟನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಕಳಸದಲ್ಲಿ ಕಳಸೇಶ್ವರನಿಗೆ ಮೆಟ್ಟಿಲ ಕೆಳಗಿನಿಂದಲೇ ಕೈ ಮುಗಿದು ಮುಂದೆ ಹೋದೆವು. ಭದ್ರೆಯ ಹಳದಿ ಮರಳು ದಾರಿಯುದ್ದಕ್ಕೂ ಅಲ್ಲಲ್ಲಿ ಕಾಣಿಸಿಕೊಂಡಿತು.

ಹೊರನಾಡಿನ ಗುಡಿಯಲ್ಲಿ ಅಪ್ಪ ಅಂಗಿ ತೆಗೆದು ಶಲ್ಯ ಹೊದ್ದು ಗಂಟನ್ನು ತಾವೇ ಹಿಡಿದರು. ಹೆಸರು ನಕ್ಷತ್ರ ಕೇಳಿದಾಗ ತಮ್ಮದನ್ನು ಹೇಳದೆ ಅಜ್ಜಯ್ಯನ ಗೋತ್ರವನ್ನಷ್ಟೇ ಹೇಳಿದರು. ಬಂಗಾರದ ಮುಖದ ಎತ್ತರದ ಅಮ್ಮ, ಹೂವುಗಳ ನಡುವಿನಿಂದ ನೋಡುತ್ತಿದ್ದಳು. ಮೂರು ಸೇರು ಅಕ್ಕಿ ಅವಳ ಮುಂದಿನ ರಾಶಿಯಲ್ಲಿ ಎಲ್ಲಿ ಸೇರಿತೋ ತಿಳಿಯಲೇ ಇಲ್ಲ. ಒಂದು ಹಿಡಿ ಪ್ರಸಾದ ಅತ್ತೆಯ ಸೆರಗಿಗೆ ಬಿತ್ತು.

ಊಟದ ಹೊತ್ತಾಗಿತ್ತು. ಬಂದವರಿಗೆಲ್ಲ ಅಲ್ಲಿ ಊಟ. ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಸಾಲಿನಲ್ಲಿ ನಿಂತಿದ್ದಾಗ ಅಪ್ಪ ಹಿಂದಿನವರನ್ನು ಮುಂದೆ ಬಿಟ್ಟರು. ಒಂದು ಶಾಲೆಯ ಮಕ್ಕಳ ಗುಂಪು, ಒಬ್ಬ ಬಾಣಂತಿ, ಬಸ್ಸಿಗೆ ಅವಸರದಲ್ಲಿದ್ದ ಹಾಸನದ ಕಡೆಯ ದೊಡ್ಡ ಸಂಸಾರ. ಒಂದು ಪಂಕ್ತಿ ಎದ್ದು ಇನ್ನೊಂದು ಕುಳಿತಿತು. ಅದೂ ಎದ್ದಿತು. ನನಗೆ ಹಸಿವಾಗಿತ್ತು, ಆದರೆ ಅಪ್ಪ ಏನು ಮಾಡುತ್ತಿದ್ದಾರೆಂದು ಗೊತ್ತಾದ ಮೇಲೆ ಕೇಳಲು ಬಾಯಿ ಬರಲಿಲ್ಲ. ಅತ್ತೆಯೂ ಸುಮ್ಮನೆ ಪಕ್ಕಕ್ಕೆ ಸರಿದು ನಿಂತರು. ಮೂರು ಪಂಕ್ತಿಗಳಾದ ಮೇಲೆ ಒಬ್ಬ ಕಾರ್ಯಕರ್ತರು ಬಂದು, ‘ನೀವು ಕುಳಿತುಕೊಳ್ಳಿ, ಯಜಮಾನರೇ. ಎಷ್ಟು ಹೊತ್ತು ನಿಲ್ಲುತ್ತೀರಿ?’ ಎಂದು ಕೈ ಹಿಡಿದು ಕರೆದೊಯ್ದರು.

ಅಪ್ಪ ಪಕ್ಕದವರಿಗೆಲ್ಲ ಬಡಿಸಿ ಆಗುವ ತನಕ ಕೈ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಸಾರು ಬಂದಾಗ ಬಗ್ಗಿ ಅದರ ಪರಿಮಳ ತೆಗೆದುಕೊಂಡರು. ಕಣ್ಣು ಮುಚ್ಚಿ ತುಟಿಯಲ್ಲೇ ಶ್ಲೋಕ ಹೇಳಿಕೊಂಡರು. ನಾನು ಕಂಡಂತೆ ಅಪ್ಪ ಊಟಕ್ಕೆ ಮೊದಲು ಶ್ಲೋಕ ಹೇಳಿದವರಲ್ಲ.

ಐದನೆಯ ದಿನ: ಮನೆ

ಕೊಪ್ಪದ ದಾರಿಯಾಗಿ ಮಧ್ಯಾಹ್ನಕ್ಕೆ ಮೊದಲೇ ಮನೆ ಮುಟ್ಟಿದೆವು. ಅಜ್ಜಿ ಕಾಲು ತೊಳೆಯಲು ನೀರು ಕೊಟ್ಟು, ಅತ್ತೆಯ ಕೈಯಿಂದ ಪ್ರಸಾದದ ಅಕ್ಕಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಡಬ್ಬಿಯ ಮುಚ್ಚಳ ತೆರೆದು ಆ ಹಿಡಿಯನ್ನು ಸುರಿದು, ಕೈಯಿಂದ ಒಮ್ಮೆ ಕಲಸಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

‘ಕೊನೆಯ ಪಂಕ್ತಿಯಲ್ಲಿ ಕುಳಿತೆಯೇನಪ್ಪಾ?’

‘ಕಾದೆ ಅಮ್ಮಾ. ಸಿಗಲಿಲ್ಲ. ನಾವು ಎದ್ದ ಮೇಲೂ ಜನ ಬರುತ್ತಲೇ ಇದ್ದರು.’

ಅಜ್ಜಿ ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಆಮೇಲೆ ಸೇರನ್ನು ಡಬ್ಬಿಗೆ ಇಳಿಸಿ, ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಎಷ್ಟು ಮಂದಿ ಎಂದು ಕಿಟಕಿಯಿಂದ ಎಣಿಸತೊಡಗಿದರು. ಅಪ್ಪ ಒಲೆಯ ಮುಂದೆ ಕುಳಿತು ಬೂದಿ ತೆಗೆದರು.